ಎಣ್ಣೆ ಬಾವಿಯ ಹಳೆಯ ಪೈಪು ನಿಮ್ಮ ಬೋರ್‌ವೆಲ್ ರಿಗ್ಗಿಗಲ್ಲ

ತೈಲ ಬಾವಿ ಕೊರೆಯಲು ತಿರುಗಿಸುವ ಡ್ರಿಲ್ ಪೈಪುಗಳ ತಪಾಸಣೆಯಲ್ಲೇ ವೃತ್ತಿ ಕಳೆದು ಈಗ ಮೈಸೂರಿನಲ್ಲಿ ನೆಲೆಸಿದ್ದೇನೆ. ಮೈಸೂರು, ಮಂಡ್ಯ ಜಿಲ್ಲೆಗಳಿಂದ ನನಗೆ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಒಂದೇ ವಿಷಯ: ಗುಜರಿಯಲ್ಲಿ ಸಿಗುವ ‘ಆಯಿಲ್ ಕಂಪನಿ ಪೈಪು’ ಬೋರ್‌ವೆಲ್ ರಿಗ್ಗಿಗೆ ಆಗುತ್ತದೆಯೇ ಎಂದು. ಹಿಂದೆ ಎರಡು ಸಾಲಿನಲ್ಲಿ ಬೇಡ ಎಂದು ಬರೆದಿದ್ದೆ. ಏಕೆ ಬೇಡ ಎಂದು ಕೇಳಿ ಇನ್ನಷ್ಟು ಪತ್ರಗಳು ಬಂದವು. ಈ ಸಲ ಕಾರಣ ಪೂರ್ತಿ ಹೇಳುತ್ತೇನೆ. ಡ್ರಿಲ್ ಪೈಪ್ ಯಾವುದು, ಬಾವಿಯ ಗೋಡೆ ಕುಸಿಯದಂತೆ ಇಳಿಸುವ ಕೇಸಿಂಗ್ ಯಾವುದು ಎಂಬ ಪಾಠ ಮಾತ್ರ ಮಾಡುವುದಿಲ್ಲ. ರಿಗ್ ನಡೆಸುವವರಿಗೆ ಅಷ್ಟು ತಿಳಿದಿರಲೇಬೇಕು.

ಪ್ರಶ್ನೆ: ಪಾಂಡವಪುರ ತಾಲ್ಲೂಕಿನಲ್ಲಿ ಬೋರ್‌ವೆಲ್ ರಿಗ್ ಇಟ್ಟುಕೊಂಡಿದ್ದೇನೆ. ಐದು ಇಂಚಿನ ಹಳೆಯ ಡ್ರಿಲ್ ಪೈಪು ತೂಕದ ಲೆಕ್ಕದಲ್ಲಿ ಸಿಗುತ್ತಿದೆ. ಅದರ ತುದಿಯ ಥ್ರೆಡ್ ಇರುವ ಜಾಯಿಂಟ್ ಕತ್ತರಿಸಿ, ನಮ್ಮ ರಿಗ್ಗಿನ ಕೊರೆಯುವ ರಾಡಿನ ಜಾಯಿಂಟನ್ನು ಲೇತ್‌ನಲ್ಲಿ ಮಾಡಿಸಿ ವೆಲ್ಡ್ ಮಾಡಿಸಬಹುದೇ? ‘ಎಸ್-135 ದರ್ಜೆಯ ಬಲವಾದ ಸ್ಟೀಲು, ಮೂರು ಕಿಲೋಮೀಟರ್ ಇಳಿದು ಬಂದ ಪೈಪು, ನಿಮ್ಮ ಸಾವಿರ ಅಡಿ ಯಾವ ಲೆಕ್ಕ’ ಎನ್ನುತ್ತಾರೆ ಮಾರುವವರು.

ಉತ್ತರ: ಬೇಡ. ಮೂರು ಕಿಲೋಮೀಟರ್ ಇಳಿದು ಬಂದಿದೆ ಎಂಬುದೇ ಅದನ್ನು ಕೊಳ್ಳದಿರಲು ಮೊದಲ ಕಾರಣ.

ಬಾವಿ ಎಲ್ಲಿ ಸ್ವಲ್ಪ ಬಾಗಿದೆಯೋ ಅಲ್ಲಿ ತಿರುಗುವ ಪೈಪು ಪ್ರತಿ ಸುತ್ತಿಗೂ ಒಮ್ಮೆ ಒಂದು ಕಡೆ, ಒಮ್ಮೆ ಇನ್ನೊಂದು ಕಡೆ ಬಾಗುತ್ತದೆ. ನಿಮಿಷಕ್ಕೆ 100 ಸುತ್ತು ಎಂದರೆ ಗಂಟೆಗೆ 6,000 ಸಲ. ಬಲ ಎಷ್ಟೇ ಇರಲಿ, ಉಕ್ಕು ಹೀಗೆ ದಣಿಯುತ್ತದೆ. ತುಕ್ಕು ತಿಂದ ಸಣ್ಣ ಗುಳಿಯಲ್ಲೋ, ಪೈಪನ್ನು ಕಚ್ಚಿ ಹಿಡಿಯುವ ಸ್ಲಿಪ್‌ನ ಹಲ್ಲು ಗೀರಿದ ಜಾಗದಲ್ಲೋ ಬಿರುಕು ಹುಟ್ಟುತ್ತದೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ. ಥ್ರೆಡ್ ಇರುವ ಪಿನ್ ತುದಿಯ ಗ್ರೀಸನ್ನೆಲ್ಲ ಡೀಸೆಲ್‌ನಲ್ಲಿ ತೊಳೆದು, ತಂತಿ ಬ್ರಷ್‌ನಿಂದ ಉಜ್ಜಿ, ಕಾಂತೀಯಗೊಳಿಸಿ, ಹೊಳೆಯುವ ಕಬ್ಬಿಣದ ಪುಡಿ ಬೆರೆಸಿದ ದ್ರವ ಸುರಿದು, ಕತ್ತಲಲ್ಲಿ ನೇರಳಾತೀತ ದೀಪ ಹಿಡಿಯಬೇಕು. ಆಗ ಕೊನೆಯ ಥ್ರೆಡ್ಡಿನ ಬುಡದಲ್ಲಿ ಕೂದಲೆಳೆಯಷ್ಟು ಹಸಿರು ಗೆರೆಯೊಂದು ಬೆಳಗುತ್ತದೆ. ಆ ಗೆರೆ ಕಂಡರೆ ಆ ಜಾಯಿಂಟಿನ ಕೆಲಸ ಅಲ್ಲಿಗೆ ಮುಗಿಯಿತು. ಸುತ್ತಿಗೆಯಿಂದ ತಟ್ಟಿ ನಾದ ಕೇಳುವುದು, ಗ್ರೈಂಡರ್ ಹಿಡಿದು ಕಿಡಿಯ ಬಣ್ಣ ನೋಡುವುದು, ಅಯಸ್ಕಾಂತ ಅಂಟಿಸುವುದು, ಇವು ಯಾವುವೂ ಬಿರುಕನ್ನು ತೋರಿಸುವುದಿಲ್ಲ. ತೋರಿಸುತ್ತವೆ ಎಂದು ಹೇಳಿ ಪೈಪು ಮಾರುವವರು ನಿಮ್ಮ ಆಳುಗಳ ಪ್ರಾಣದ ಜೊತೆ ವ್ಯಾಪಾರ ಮಾಡುತ್ತಿದ್ದಾರೆ.

ಎರಡನೆಯದು ಬಣ್ಣದ ಪಟ್ಟಿ. ತೈಲ ಉದ್ಯಮದಲ್ಲಿ ತಪಾಸಣೆ ಮುಗಿದ ಪೈಪಿಗೆ ಪಟ್ಟಿ ಬಳಿಯುತ್ತಾರೆ. ಒಂದು ಬಿಳಿ ಪಟ್ಟಿ ಹೊಸದಕ್ಕೆ. ಎರಡು ಬಿಳಿ ಪಟ್ಟಿ ಪ್ರೀಮಿಯಂ ದರ್ಜೆಗೆ, ಅಂದರೆ ಗೋಡೆಯ ದಪ್ಪ ಹೊಸದರ ಶೇ 80ಕ್ಕಿಂತ ಕಡಿಮೆಯಾಗಿಲ್ಲ ಎಂದು. ಸವೆದು ಶೇ 70ರವರೆಗೆ ಉಳಿದಿದ್ದರೆ ಹಳದಿ. ಅದಕ್ಕೂ ಕೆಳಗಿನದಕ್ಕೆ ಕಿತ್ತಳೆ. ಕೆಂಪು ಬಳಿದರೆ ಗುಜರಿ. ಗುಜರಿಯವರ ಅಂಗಳಕ್ಕೆ ಬರುವುದು ಬಹುಪಾಲು ಈ ಕೊನೆಯ ಸಾಲಿನ ಮಾಲು. ಮೈತುಂಬ ಹೊಸ ಕಪ್ಪು ಬಣ್ಣ ಹೊಡೆದು ನಿಲ್ಲಿಸಿದ ಹಳೆಯ ಪೈಪನ್ನು ಕಂಡರೆ ನಾನು ಹತ್ತಿರಕ್ಕೂ ಹೋಗುವುದಿಲ್ಲ. ಏನನ್ನೋ ಮುಚ್ಚಲು ಬಣ್ಣ ಹೊಡೆದಿದ್ದಾರೆ ಎಂದೇ ನನ್ನ ಲೆಕ್ಕ.

ಇನ್ನು ವೆಲ್ಡಿಂಗ್. ಐದು ಇಂಚಿನ ಪೈಪಿನ ಜಾಯಿಂಟು ಸಾಮಾನ್ಯವಾಗಿ ಆರೂವರೆ ಇಂಚಿನ ಆಸುಪಾಸು ಇರುತ್ತದೆ. ನಿಮ್ಮ ಆರೂವರೆ ಇಂಚಿನ ರಂಧ್ರಕ್ಕೆ ಇಳಿಯುವುದಿಲ್ಲ. ಆದ್ದರಿಂದಲೇ ಕತ್ತರಿಸಲು ಹೊರಟಿದ್ದೀರಿ. ಆದರೆ ಕಾರ್ಖಾನೆಯಲ್ಲಿ ಜಾಯಿಂಟನ್ನು ಪೈಪಿಗೆ ಕೂಡಿಸುವುದು ವೆಲ್ಡಿಂಗ್ ಕಡ್ಡಿಯಿಂದಲ್ಲ. ಪೈಪಿನ ತುದಿಯನ್ನು ಕಾಯಿಸಿ ಒತ್ತಿ ಮೊದಲೇ ದಪ್ಪ ಮಾಡಿರುತ್ತಾರೆ. ಆ ದಪ್ಪ ಭಾಗಕ್ಕೆ ಜಾಯಿಂಟನ್ನು ತಿರುಗಿಸಿ ಉಜ್ಜಿ, ಘರ್ಷಣೆಯ ಶಾಖದಲ್ಲೇ ಬೆಸೆಯುತ್ತಾರೆ. ಬೆಸೆದ ಮೇಲೆ ಆ ಜಾಗಕ್ಕೆ ಮತ್ತೆ ಶಾಖೋಪಚಾರ ಮಾಡುತ್ತಾರೆ. ನೀವು ಜಾಯಿಂಟ್ ಕತ್ತರಿಸಿದಾಗ ಆ ದಪ್ಪ ತುದಿಯೂ ಹೋಗುತ್ತದೆ. ಉಳಿಯುವುದು ಪೈಪಿನ ತೆಳ್ಳನೆಯ ಮೈ, ಹೊಸದರಲ್ಲೇ ಸುಮಾರು ಒಂಬತ್ತು ಮಿಲಿಮೀಟರ್, ಈಗ ಎಷ್ಟು ಸವೆದಿದೆಯೋ ಅಷ್ಟು ಕಳೆದು.

ಅದರ ಮೇಲೆ ಸಾಧಾರಣ ಆರ್ಕ್ ವೆಲ್ಡಿಂಗ್ ಮಾಡಿದರೆ ಏನಾಗುತ್ತದೆ? ಇದು ಕ್ರೋಮಿಯಂ, ಮಾಲಿಬ್ಡಿನಂ ಬೆರೆತ, ಕಾಯಿಸಿ ತಣಿಸಿ ಹದ ಮಾಡಿದ ಉಕ್ಕು. ಬೆಸುಗೆಯ ಪಕ್ಕದ ಪಟ್ಟಿ ಕೆಂಪಗೆ ಕಾದು, ಉಳಿದ ತಣ್ಣನೆಯ ಲೋಹ ಶಾಖವನ್ನು ಥಟ್ಟನೆ ಎಳೆದುಕೊಂಡಾಗ ಗಾಜಿನಂತೆ ಪೆಡಸಾಗುತ್ತದೆ. ತೇವ ಹಿಡಿದ ಕಡ್ಡಿಯಿಂದ ಹೈಡ್ರೋಜನ್ ಒಳಸೇರುತ್ತದೆ. ವೆಲ್ಡರ್ ಸ್ಲ್ಯಾಗ್ ಕೆತ್ತಿ, ಚೆನ್ನಾಗಿದೆ ಎಂದು ಹೇಳಿ ಹಣ ಪಡೆದು ಹೋದ ಮೇಲೆ, ಮರುದಿನವೋ ಅದರ ಮಾರನೆಯ ದಿನವೋ, ಯಾರೂ ಮುಟ್ಟದೆ ಬಿದ್ದಿರುವ ರಾಡಿನಲ್ಲೇ ಬಿರುಕು ಬಿಡಬಹುದು. ಪೆಡಸಾದ ಪಟ್ಟಿಯಾಚೆ ಇನ್ನೊಂದು ಪಟ್ಟಿಯಲ್ಲಿ ಉಕ್ಕಿನ ಹದ ಕೆಟ್ಟು ಮೆತ್ತಗಾಗಿರುತ್ತದೆ. ಅಲ್ಲಿ ನೀವು ಹಣ ಕೊಟ್ಟ ಎಸ್-135 ಉಳಿದಿಲ್ಲ. ಹೈಡ್ರೋಜನ್ ಕಡಿಮೆ ಬಿಡುವ 7018 ಕಡ್ಡಿ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಅರ್ಧ ತಿಳಿದವರ ಮಾತು. ಕಡ್ಡಿಯನ್ನು ಓವನ್‌ನಲ್ಲಿ ಒಣಗಿಸಿರಬೇಕು, ಪೈಪನ್ನು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಮೊದಲೇ ಕಾಯಿಸಬೇಕು, ನಿಧಾನವಾಗಿ ತಣಿಸಬೇಕು, ಮತ್ತೆ ಹದ ಮಾಡಬೇಕು, ಆಮೇಲೆ ಪರೀಕ್ಷಿಸಬೇಕು. ಇಷ್ಟನ್ನೂ ಮಾಡುವ ಕಾರ್ಖಾನೆ ಸಿಕ್ಕರೆ, ಅದರ ಬಿಲ್ಲಿನಲ್ಲಿ ಬೋರ್‌ವೆಲ್‌ಗೆಂದೇ ತಯಾರಾದ ಹೊಸ ರಾಡುಗಳನ್ನು ಕೊಳ್ಳಬಹುದು.

ತೂಕವನ್ನೂ ನೋಡಿ. ಐದು ಇಂಚಿನ ಈ ಪೈಪು ಮೀಟರಿಗೆ ಸುಮಾರು 29 ಕೆ.ಜಿ. ಸಾವಿರ ಅಡಿಗೆ ಒಂಬತ್ತು ಟನ್ ಹತ್ತಿರ. ನಿಮ್ಮ ಲಾರಿಯ ಮೇಲಿನ ಮಾಸ್ಟ್ ಅಷ್ಟನ್ನು ಎತ್ತಲು ತಯಾರಾದದ್ದೇ, ತಯಾರಕರನ್ನು ಕೇಳಿ. ಹಾಗಾದರೆ ಮೂರೂವರೆ ಇಂಚಿನದು ತರುತ್ತೇನೆ ಎಂದು ಇನ್ನೊಬ್ಬರು ಬರೆದಿದ್ದಾರೆ. ಆರೂವರೆ ಇಂಚಿನ ರಂಧ್ರದಲ್ಲಿ ನಾಲ್ಕೂವರೆ ಇಂಚಿನ ರಾಡಿನ ಬದಲು ಮೂರೂವರೆ ಇಂಚಿನದು ಇಳಿಸಿದರೆ ಸುತ್ತಲಿನ ಜಾಗ ಹೆಚ್ಚಿ, ಅದೇ ಕಂಪ್ರೆಸರ್‌ನಲ್ಲಿ ಮೇಲೇರುವ ಗಾಳಿಯ ವೇಗ ಸುಮಾರು ಕಾಲು ಭಾಗ ಇಳಿಯುತ್ತದೆ. ಕಲ್ಲಿನ ಚೂರು ಮೇಲೆ ಬಾರದೆ, ರಾಡಿನ ತುದಿಯಲ್ಲಿ ಕಲ್ಲು ಒಡೆಯುವ ಹ್ಯಾಮರ್ ಮೇಲೆಯೇ ಕುಳಿತು ಅದನ್ನು ಹೂತುಹಾಕುತ್ತದೆ.

ರಾಡು ನೆಲದೊಳಗೆ ಮುರಿದರೆ ಹ್ಯಾಮರ್, ಬಿಟ್, ರೈತನ ಬಾವಿ ಮೂರೂ ಹೋದವು. ನೆಲದ ಮೇಲೆ, ಮಾಸ್ಟ್‌ನಲ್ಲಿ ತೂಗುತ್ತಿರುವಾಗ ಬೆಸುಗೆ ಬಿಟ್ಟರೆ ಕೆಳಗೆ ಸ್ಪ್ಯಾನರ್ ಹಿಡಿದು ನಿಂತ ಹುಡುಗನ ಮೇಲೆ ಬೀಳುತ್ತದೆ. ನಾನು ಇಷ್ಟು ಕಟುವಾಗಿ ಬರೆಯುತ್ತಿರುವುದು ಆ ಹುಡುಗನಿಗಾಗಿ.

ಪ್ರಶ್ನೆ: ಎಸ್-135 ಅತ್ಯಂತ ಬಲವಾದ ದರ್ಜೆಯಾದರೆ ಎಲ್ಲ ತೈಲ ಬಾವಿಗಳಲ್ಲೂ ಅದನ್ನೇ ಏಕೆ ಬಳಸುವುದಿಲ್ಲ? (ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮಂಡ್ಯ)

ಉತ್ತರ: ಒಳ್ಳೆಯ ಪ್ರಶ್ನೆ. ಇ-75, ಎಕ್ಸ್-95, ಜಿ-105, ಎಸ್-135, ಈ ಸಂಖ್ಯೆಗಳು ಚದರ ಇಂಚಿಗೆ ಸಾವಿರ ಪೌಂಡ್ ಲೆಕ್ಕದಲ್ಲಿ ಉಕ್ಕಿನ ಕನಿಷ್ಠ ಇಳುವರಿ ಬಲವನ್ನು, ಅಂದರೆ ಉಕ್ಕು ಮತ್ತೆ ಮೊದಲಿನಂತಾಗದ ಹಾಗೆ ಹಿಗ್ಗಲು ತೊಡಗುವ ಮಟ್ಟವನ್ನು ಹೇಳುತ್ತವೆ, ಅಷ್ಟೇ. ಬಾವಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲವಿದ್ದರೆ ಪರಮಾಣು ರೂಪದ ಹೈಡ್ರೋಜನ್ ಉಕ್ಕಿನೊಳಗೆ ನುಸುಳುತ್ತದೆ. ಉಕ್ಕು ಗಡುಸಾದಷ್ಟೂ ಅದಕ್ಕೆ ಬೇಗ ಸೋಲುತ್ತದೆ. ತಾಳಬೇಕಾದ ಭಾರಕ್ಕಿಂತ ಎಷ್ಟೋ ಕಡಿಮೆ ಭಾರದಲ್ಲಿ ಮುನ್ಸೂಚನೆಯಿಲ್ಲದೆ ತುಂಡಾಗುತ್ತದೆ. ಅಂಥ ಬಾವಿಗೆ ಕಡಿಮೆ ಬಲದ, ಗಡಸುತನಕ್ಕೆ ಮಿತಿ ಹಾಕಿದ ಪೈಪೇ ಸುರಕ್ಷಿತ. ಸಂಖ್ಯೆ ದೊಡ್ಡದಾದರೆ ಪೈಪು ಉತ್ತಮ ಎಂಬ ಮೂಢನಂಬಿಕೆ ಗುಜರಿ ಅಂಗಡಿಯಲ್ಲಿ ಮಾತ್ರವಲ್ಲ, ಕಾಲೇಜುಗಳಲ್ಲೂ ಇದೆ.

ಪ್ರಶ್ನೆ: ದನದ ಕೊಟ್ಟಿಗೆಯ ಕಂಬಕ್ಕಾದರೂ ಹಳೆಯ ಎಣ್ಣೆ ಬಾವಿ ಪೈಪು ಬಳಸಬಹುದೇ? (ಮದ್ದೂರು)

ಉತ್ತರ: ಡ್ರಿಲ್ ಪೈಪಾದರೆ ಕಾಂಕ್ರೀಟಿನಲ್ಲಿ ನೆಟ್ಟು, ತೊಲೆಯನ್ನು ಕ್ಲ್ಯಾಂಪ್ ಹಾಕಿ ಬೋಲ್ಟ್‌ನಿಂದ ಬಿಗಿದರೆ ಆಗಬಹುದು. ವೆಲ್ಡ್ ಬೇಡ. ಆದರೆ ತೈಲ ಮೇಲೆತ್ತುವ ಟ್ಯೂಬಿಂಗನ್ನೂ ಡ್ರಿಲ್ ಪೈಪೆಂದೇ ಮಾರುತ್ತಾರೆ. ಅದರ ಒಳಮೈಗೆ ಸುಣ್ಣದ ಹೊಪ್ಪಳೆಯಂತೆ ಕಟ್ಟಿದ ಗಟ್ಟಿ ಪದರದಲ್ಲಿ ವಿಕಿರಣ ಸೂಸುವ ರೇಡಿಯಂ ಸೇರಿರುವ ಸಾಧ್ಯತೆ ಇದೆ. ಅಂಥ ಪದರ ಕಂಡರೆ ಕತ್ತರಿಸಬೇಡಿ, ಉಜ್ಜಬೇಡಿ, ಮನೆಗೆ ತರಲೇಬೇಡಿ.

ಪ್ರಶ್ನೆ: ಕಾವೇರಿ ಕೊಳ್ಳದಲ್ಲಿ ತೈಲವಿದೆ ಎಂದು ಓದಿದೆ. ಶ್ರೀರಂಗಪಟ್ಟಣದಲ್ಲಿ ಏಕೆ ಕೊರೆಯುವುದಿಲ್ಲ?

ಉತ್ತರ: ಆ ತೈಲ ತಮಿಳುನಾಡಿನ ಮುಖಜಭೂಮಿಯ ಕಡೆಯ ಜಲಜ ಶಿಲೆಗಳಲ್ಲಿದೆ. ನಮ್ಮ ಕಾಲಡಿ ಇರುವುದು ನೈಸ್ ಮತ್ತು ಗ್ರಾನೈಟ್ ಎಂಬ ಗಟ್ಟಿ ಶಿಲೆಗಳು, ಅಂಥ ಜಲಜ ಶಿಲೆಯಲ್ಲ.

ಪ್ರಶ್ನೆ: ಅಂಗೈಯಲ್ಲಿ ತೆಂಗಿನಕಾಯಿ ಎದ್ದು ನಿಂತ ಜಾಗದಲ್ಲೇ ಕೊರೆಸಬೇಕೇ?

ಉತ್ತರ: ಬೇಡ. ಭೂವಿಜ್ಞಾನಿಯನ್ನು ಕರೆಸಿ.

ಪ್ರಶ್ನೆ: ಎಣ್ಣೆ ಬಾವಿ ಪೈಪಿನಿಂದ ಬೆಸೆದ ರಾಡುಗಳು ಈಗಾಗಲೇ ನಮ್ಮ ರಿಗ್ಗಿನಲ್ಲಿವೆ. ಇದುವರೆಗೆ ತೊಂದರೆಯಾಗಿಲ್ಲ. ಏನು ಮಾಡಲಿ? (ನಾಗಮಂಗಲ)

ಉತ್ತರ: ಇವತ್ತೇ ಇಳಿಸಿ. ಇಡಿಯಾಗಿ ಮಾರಬೇಡಿ, ಇನ್ನೊಬ್ಬರ ರಿಗ್ಗಿಗೆ ಹೋಗುತ್ತವೆ. ಪ್ರತಿ ರಾಡನ್ನೂ ನಡುವೆ ಎರಡು ಕಡೆ ಕತ್ತರಿಸಿ, ಆಮೇಲೆ ತೂಕಕ್ಕೆ ಹಾಕಿ.