ಅಜ್ಜನ ಪತ್ರಗಳಿಗೆ ಲ್ಯಾಮಿನೇಷನ್ ಬೇಡ

ಪ್ರಶ್ನೆ: ನಮ್ಮ ಅಜ್ಜನವರ ತಗಡಿನ ಟ್ರಂಕಿನಲ್ಲಿ 1950ರ ದಶಕದ ಕಾರ್ಡುಗಳು, ಲಕೋಟೆಯೊಳಗಿನ ಪತ್ರಗಳು ಹಾಗೂ ಜಮೀನಿನ ಒಂದು ಕ್ರಯಪತ್ರ ದೊರೆತಿವೆ. ಮಡಿಕೆಗಳು ಹರಿದಿವೆ, ಅಂಚುಗಳನ್ನು ಬೆಳ್ಳಿಹುಳು ತಿಂದಿದೆ. ಎಲ್ಲವನ್ನೂ ಲ್ಯಾಮಿನೇಷನ್ ಮಾಡಿಸಿ, ಲಕೋಟೆಗಳನ್ನು ಎಸೆಯಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಎರಡನ್ನೂ ಮಾಡಬೇಡಿ. ಲ್ಯಾಮಿನೇಷನ್ ಯಂತ್ರದ ಬಿಸಿಗೆ ಕರಗಿದ ಅಂಟು ಕಾಗದದ ನಾರಿನೊಳಕ್ಕೆ ಇಳಿಯುವುದರಿಂದ ಮುಂದೆ ಅದನ್ನು ಬಿಡಿಸಲು ಹೋದರೆ ಅಕ್ಷರಗಳೂ ಜೊತೆಗೆ ಕಿತ್ತುಬರುತ್ತವೆ. ಹಳೆಯ ಕಾಗದದಲ್ಲಿರುವ ಆಮ್ಲವಂತೂ ಒಳಗೇ ಉಳಿದು, ಕಾಗದವನ್ನು ಪೆಡಸಾಗಿಸುವ ತನ್ನ ಕೆಲಸ ಮುಂದುವರಿಸುತ್ತದೆ. ಸೆಲ್ಲೋಟೇಪಿನ ಕಥೆಯೂ ಇದೇ: ಕೆಲವು ವರ್ಷಗಳಲ್ಲಿ ಪಟ್ಟಿ ಉದುರಿ, ಕಂದು ಕಲೆ ಮಾತ್ರ ಉಳಿಯುತ್ತದೆ. ಹರಿದದ್ದು ಹರಿದಂತೆಯೇ ಇರಲಿ.

ಮಳೆ ಪೂರ್ತಿ ಹಿಂದೆಗೆದ ಮೇಲೆ, ಒಣಹವೆಯ ದಿನ, ಬಿಸಿಲು ನೇರವಾಗಿ ಬೀಳದ ಕೋಣೆಯಲ್ಲಿ ಪತ್ರಗಳನ್ನು ಬಿಡಿಸಿ ಹರಡಿ, ಮೆತ್ತನೆಯ ಕುಂಚದಿಂದ ಧೂಳು ತೆಗೆಯಿರಿ. ಒದ್ದೆ ಬಟ್ಟೆ ತಾಗಿಸಿದರೆ ಶಾಯಿ ಹರಡೀತು. ತುಕ್ಕು ಹಿಡಿದ ಗುಂಡುಸೂಜಿಗಳನ್ನು ತೆಗೆದು, ಪತ್ರಗಳನ್ನು ಮತ್ತೆ ಮಡಿಸದೆ, ಆಮ್ಲರಹಿತ ಕಾಗದದ ನಡುವೆ ಅಥವಾ ಪಾಲಿಯೆಸ್ಟರ್ ಹಾಳೆಯ ಕವರಿನಲ್ಲಿ ಚಪ್ಪಟೆಯಾಗಿ ಇಡಿ; ಪ್ಲಾಸ್ಟಿಕ್ ವಾಸನೆ ಹೊಡೆಯುವ ಪಿವಿಸಿ ಕವರುಗಳು ಬೇಡ. ಮಲೆನಾಡಿನ ಮಳೆಗಾಲದಲ್ಲಿ ತಗಡಿನ ಟ್ರಂಕಿನ ಒಳಮೈ ಬೆವರುತ್ತದೆ. ಆದ್ದರಿಂದ ದಪ್ಪ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಹೊರಗೋಡೆಗೆ ತಾಗದ, ನೆಲದಿಂದ ಎತ್ತರದ ಕಪಾಟಿನಲ್ಲಿರಿಸಿ. ಹಸಿ ಬೇವಿನ ಸೊಪ್ಪು ಹಾಕುವ ರೂಢಿ ಅನೇಕ ಮನೆಗಳಲ್ಲಿದೆ. ಸೊಪ್ಪಿನ ತೇವವೇ ಬೂಷ್ಟಿಗೆ ದಾರಿಯಾಗುವುದರಿಂದ ಅದನ್ನು ನಾನು ಸೂಚಿಸಲಾರೆ. ತಿಂಗಳಿಗೊಮ್ಮೆ ಪೆಟ್ಟಿಗೆ ತೆರೆದು ನೋಡುವುದೇ ಬೆಳ್ಳಿಹುಳುವಿಗೆ ಹೆಚ್ಚು ಕಿರುಕುಳ.

ಕ್ರಯಪತ್ರದ ವಿಚಾರ ಬೇರೆ. ಮುದ್ರೆ, ಸಹಿ, ಛಾಪಾ ಕಾಗದ ಇವುಗಳನ್ನು ಮುಟ್ಟಿ ಪರಿಶೀಲಿಸುವ ಸಂದರ್ಭ ಬರಬಹುದಾದ್ದರಿಂದ ಮೂಲಪತ್ರಕ್ಕೆ ಏನನ್ನೂ ಅಂಟಿಸಬೇಡಿ. ಪತ್ರ ನೋಂದಣಿಯಾಗಿದ್ದರೆ, ಅದರಲ್ಲಿರುವ ನೋಂದಣಿ ಸಂಖ್ಯೆ ಮತ್ತು ವರ್ಷವನ್ನು ಕೊಟ್ಟು ಉಪನೋಂದಣಾಧಿಕಾರಿಗಳ ಕಚೇರಿಯಿಂದ ದೃಢೀಕೃತ ನಕಲನ್ನು ಈಗಲೇ ಪಡೆದಿಟ್ಟುಕೊಳ್ಳಿ.

ಇನ್ನು ಲಕೋಟೆಗಳು. ಮನೆಯ ಪತ್ರಗಳಲ್ಲಿ ಎಷ್ಟೋ ಸಲ ‘ಸೋಮವಾರ’ ಎಂದಷ್ಟೇ ಬರೆದಿರುತ್ತಾರೆ, ಇಸವಿ ಸಿಗುವುದು ಅಂಚೆಮುದ್ರೆಯಲ್ಲಿ. ಮುದ್ರೆ ಮಾಸಿದ್ದರೂ ಅಂಚೆಚೀಟಿಯ ಬೆಲೆ ಆಣೆಯಲ್ಲಿದ್ದರೆ, ನಯಾ ಪೈಸೆ ಜಾರಿಗೆ ಬಂದ 1957ರ ಏಪ್ರಿಲ್‌ಗೆ ಮುಂಚಿನ ಪತ್ರವೆಂದು ಬಹುಮಟ್ಟಿಗೆ ಊಹಿಸಬಹುದು. ಪತ್ರ ಮತ್ತು ಅದರ ಲಕೋಟೆಗೆ ಒಂದೇ ಸಂಖ್ಯೆಯನ್ನು ಪೆನ್ಸಿಲಿನಿಂದ, ಮೂಲೆಯಲ್ಲಿ ಹಗುರವಾಗಿ ಬರೆದು, ಎರಡರ ಎರಡೂ ಬದಿಗಳನ್ನು ಕಿಟಕಿಯ ಬೆಳಕಿನಲ್ಲಿ ಫ್ಲಾಶ್ ಇಲ್ಲದೆ ಫೋಟೋ ತೆಗೆಯಿರಿ.