ಕ್ರೋಟನ್ ಅಲ್ಲ, ಕೋಲಿಯಸ್

ಪ್ರಶ್ನೆ: ಮೂರು ತಿಂಗಳ ಹಿಂದೆ ನೆಂಟರೊಬ್ಬರು ಒಂದು ಗಿಡ ಕೊಟ್ಟರು. ಎಲೆಯ ನಡುವೆ ಕಡುಗೆಂಪು, ಅಂಚಿನಲ್ಲಿ ಹಸಿರು. ಕೆಲವರು ಕ್ರೋಟನ್ ಎನ್ನುತ್ತಾರೆ, ಕೆಲವರು ಬಣ್ಣದ ತುಳಸಿ ಎನ್ನುತ್ತಾರೆ. ಟೀವಿ ಪಕ್ಕದಲ್ಲಿ ಇಟ್ಟಿದ್ದೆ. ಈಗ ಬಣ್ಣ ಮಾಸಿದೆ, ಕಾಂಡ ಉದ್ದಕ್ಕೆ ಬೆಳೆದು ಕೆಳಗಿನ ಎಲೆಗಳು ಉದುರಿವೆ. ತುದಿಯಲ್ಲಿ ನೀಲಿ ಹೂವಿನ ತೆನೆ ಬಂದಿದೆ. ಏನಿದು? ಉಳಿಸಿಕೊಳ್ಳಬಹುದೇ?

ಉತ್ತರ: ಬಣ್ಣವನ್ನಷ್ಟೇ ನಂಬಿ ಗಿಡ ಗುರುತಿಸಲು ಹೋದರೆ ಮೋಸಹೋಗುತ್ತೇವೆ. ಕಾಂಡವನ್ನು ಎರಡು ಬೆರಳುಗಳ ನಡುವೆ ಹಿಡಿದು ಉರುಳಿಸಿ ನೋಡಿ. ಸಲೀಸಾಗಿ ಉರುಳದೆ ನಾಲ್ಕು ಮೂಲೆ ಬೆರಳಿಗೆ ತಾಗಿದರೆ, ಎಲೆಗಳು ಎದುರುಬದುರಾಗಿ ಜೋಡಿಯಾಗಿದ್ದು ಅಂಚಿನಲ್ಲಿ ಹಲ್ಲುಗಳಿದ್ದರೆ, ಅದು ಕೋಲಿಯಸ್. ಕ್ರೋಟನ್ ಎಲೆ ದಪ್ಪ, ತೊಗಲಿನಂತೆ ಬಿರುಸು, ಜೋಡಿಯಾಗಿ ಮೂಡುವುದಿಲ್ಲ. ತುಳಸಿ ಎಂದವರು ಪೂರ್ತಿ ತಪ್ಪಿಲ್ಲ: ಎರಡೂ ಒಂದೇ ಕುಟುಂಬದವು. ದೊಡ್ಡಪತ್ರೆಯಂತೂ ಇನ್ನೂ ಹತ್ತಿರದ ದಾಯಾದಿ.

ಹೂತೆನೆಯನ್ನು ಚಿವುಟಿ ಹಾಕಿ. ಬೀಜ ಕಟ್ಟಲು ಹೊರಟ ಕೋಲಿಯಸ್‌ಗೆ ಎಲೆಯ ಮೇಲೆ ಆಸಕ್ತಿ ಇರುವುದಿಲ್ಲ. ಎಸೆಯುವ ಮುನ್ನ ಒಂದು ಹೂವನ್ನು ಮಾತ್ರ ಬಿಡಿಸಿ ನೋಡಿ. ಕೇಸರಗಳ ಬುಡ ಕೂಡಿಕೊಂಡು ಪುಟ್ಟ ಒರೆಯಂತಿರುತ್ತದೆ. ಒರೆ ಎಂಬ ಅರ್ಥದ ಗ್ರೀಕ್ ಪದದಿಂದಲೇ 1790ರಲ್ಲಿ ಸಸ್ಯವಿಜ್ಞಾನಿ ಲೌರೇರೊ ಈ ಹೆಸರಿಟ್ಟದ್ದು.

ಬಣ್ಣ ಮಾಸಿದ್ದಕ್ಕೆ ಕಾರಣ ಟೀವಿ ಪಕ್ಕದ ಮಬ್ಬು. ಬೆಳಕು ಸಾಲದಾಗ ಗಿಡ ಹಸಿರನ್ನು ಹೆಚ್ಚಿಸಿಕೊಂಡು ಬೆಳಕಿನತ್ತ ಕತ್ತು ಚಾಚುತ್ತದೆ. ಬೆಳಗಿನ ಎಳೆಬಿಸಿಲು ಬೀಳುವ ಕಿಟಕಿಗೆ ಕುಂಡವನ್ನು ಸರಿಸಿ. ನಡುಮಧ್ಯಾಹ್ನದ ಬಿಸಿಲಿಗೆ ಒಮ್ಮೆಲೇ ಒಡ್ಡಿದರೆ ಎಲೆ ಸುಟ್ಟು ಬಿಳಿಚಿಕೊಳ್ಳುತ್ತದೆ.

ಇನ್ನು ಕತ್ತರಿ ಕೆಲಸ. ಕೆಳಗೆ ಎರಡು ಜೋಡಿ ಎಲೆ ಉಳಿಸಿ, ಗೆಣ್ಣಿನ ತುಸು ಮೇಲೆ ಕತ್ತರಿಸಿ. ಆ ಎಲೆಗಳ ಕಂಕುಳಿನಿಂದ ಕವಲೊಡೆದು ಗಿಡ ಪೊದೆಯಾಗುತ್ತದೆ. ಕತ್ತರಿಸಿದ್ದನ್ನು ಎಸೆಯಲು ಮನಸ್ಸು ಬಾರದಿದ್ದರೆ ಹೀಗೆ ಮಾಡಿ: ಕತ್ತರಿಸಿದ ತುದಿಯಲ್ಲಿ ಹತ್ತು ಸೆಂಟಿಮೀಟರ್ ಇಟ್ಟುಕೊಂಡು, ಕೆಳಗಿನ ಎಲೆ ತೆಗೆದು, ಲೋಟದ ನೀರಿನಲ್ಲಿ ನಿಲ್ಲಿಸಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿದರೆ ಒಂದೆರಡು ವಾರಗಳಲ್ಲಿ ಬಿಳಿ ಬೇರು ಇಳಿಯುತ್ತದೆ. ಬೇರು ಎರಡು ಮೂರು ಸೆಂಟಿಮೀಟರ್ ಆದಾಗ ಮಣ್ಣಿಗೆ ಹಾಕಿ. ಬೀಜದಿಂದ ಬಂದ ಗಿಡ ಯಾವ ಬಣ್ಣ ತಾಳುತ್ತದೋ ಹೇಳಲಾಗದು. ಕಡ್ಡಿಯಿಂದ ಬಂದದ್ದು ತಾಯಿಯಂತೆಯೇ ಇರುತ್ತದೆ.

ನೀರಿನ ವಿಷಯದಲ್ಲಿ ನಾನೇ ಪೆಟ್ಟು ತಿಂದವನು. ನನ್ನ ಮೊದಲ ಕೋಲಿಯಸ್ ಮಧ್ಯಾಹ್ನದ ಸೆಕೆಗೆ ಒದ್ದೆ ಬಟ್ಟೆಯಂತೆ ಜೋತುಬೀಳುತ್ತಿತ್ತು. ಪಾಪ, ಬಾಯಾರಿದೆ ಎಂದು ಪ್ರತಿಸಲವೂ ಚೊಂಬು ಹಿಡಿದು ಓಡುತ್ತಿದ್ದೆ. ಸಂಜೆಗೆ ತಾನಾಗಿಯೇ ಚೇತರಿಸಿಕೊಳ್ಳುತ್ತಿತ್ತು ಎಂಬುದನ್ನು ಗಮನಿಸಲೇ ಇಲ್ಲ. ಒಂದು ದಿನ ಸಂಜೆಗೂ ಏಳಲಿಲ್ಲ. ಕಿತ್ತು ನೋಡಿದರೆ ಬೇರು ಕಂದು ಲೋಳೆಯಾಗಿತ್ತು. ಆಮೇಲಿನಿಂದ ಎಲೆಯನ್ನು ಕೇಳುವುದಿಲ್ಲ, ಮಣ್ಣನ್ನು ಕೇಳುತ್ತೇನೆ: ಬೆರಳಿನ ಮೊದಲ ಗೆಣ್ಣಿನವರೆಗೆ ಒಣಗಿದ್ದರೆ ಮಾತ್ರ ನೀರು.

ಗೆಣ್ಣುಗಳಲ್ಲಿ ಹತ್ತಿಯಂಥ ಬಿಳಿ ಚುಕ್ಕೆ ಕಂಡರೆ ಅದು ಹಿಟ್ಟು ತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಮನೆಯಲ್ಲಿ ಬೆಕ್ಕೋ ನಾಯಿಯೋ ಇದ್ದರೆ ಕುಂಡವನ್ನು ಎತ್ತರದಲ್ಲಿಡಿ. ಎಲೆ ಜಗಿದರೆ ಅವಕ್ಕೆ ವಾಂತಿಯಾಗಬಹುದು.