ಹಲೋ, ಯಾರು ಮಾತಾಡೋದು? ಓದುಗರ ಪ್ರಶ್ನೆ, ಬೂತಿನವನ ಉತ್ತರ

ಪ್ರಶ್ನೆ: ನಮ್ಮ ದೇಶದಲ್ಲಿ ಮೊಬೈಲ್ ಇಷ್ಟು ಬೇಗ ಹಳ್ಳಿಹಳ್ಳಿಗೂ ಹರಡಿದ್ದು ಕಂಪನಿಗಳ ಪೈಪೋಟಿಯಿಂದ ಎಂದು ನಮ್ಮ ಮೇಷ್ಟ್ರು ಹೇಳಿದರು. ನೀವು ಎಸ್‌ಟಿಡಿ ಬೂತ್ ಇಟ್ಟಿದ್ದವರು. ನಿಮಗೇನು ಅನ್ನಿಸುತ್ತದೆ?
– ಪದವಿ ವಿದ್ಯಾರ್ಥಿನಿ, ಗದಗ

ಉತ್ತರ: ಮೇಷ್ಟ್ರು ಹೇಳಿದ್ದು ಸುಳ್ಳಲ್ಲ. ಆದರೆ ನನ್ನ ಬೂತಿಗೆ ಬೀಗ ಹಾಕಿಸಿದ್ದು ಯಾವುದು ಅಂತ ಕೇಳಿದರೆ ನಾನು ಹೇಳುವುದು ಒಂದು ತಾರೀಖು: 2003ರ ಮೇ 1.

ದೇಶದ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕಲ್ಕತ್ತದಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ದೂರಸಂಪರ್ಕ ಸಚಿವ ಸುಖರಾಮ್ ಅವರಿಗೆ ಮಾಡಿದ್ದು. ಆಗ ಕರೆ ಮಾಡಿದರೆ ನಿಮಿಷಕ್ಕೆ 16 ರೂಪಾಯಿಯ ಆಸುಪಾಸು. ಸಾಲದ್ದಕ್ಕೆ ಬಂದ ಕರೆ ಎತ್ತಿದರೂ ದುಡ್ಡು! ಕೆಲವು ವರ್ಷ ಬಿಟ್ಟು ನಮ್ಮ ಸಾಗರಕ್ಕೂ ಮೊಬೈಲ್ ಬಂದಾಗ ದರ ಒಂದಿಷ್ಟು ಇಳಿದಿತ್ತು, ಎತ್ತಿದವನ ಜೇಬಿಗೆ ಕತ್ತರಿ ಮಾತ್ರ ತಪ್ಪಿರಲಿಲ್ಲ. ಅಡಿಕೆ ವ್ಯಾಪಾರಿಯೊಬ್ಬರು ಸೊಂಟಕ್ಕೆ ಮೊಬೈಲ್ ಸಿಕ್ಕಿಸಿಕೊಂಡೇ ನನ್ನ ಬೂತಿಗೆ ಬಂದು ಫೋನ್ ಮಾಡುತ್ತಿದ್ದರು. ಮೊಬೈಲು ಮದುವೆಮನೆಯಲ್ಲಿ ತೋರಿಸಲು, ಮಾತಾಡಲು ನನ್ನ ಬೂತು.

ಆ ಮೇ ತಿಂಗಳಿಂದ ಇನ್‌ಕಮಿಂಗ್ ಪುಕ್ಕಟೆಯಾಯಿತು. ಕರೆ ಮಾಡಿದವನಷ್ಟೇ ದುಡ್ಡು ಕೊಡಬೇಕು. ಕೇಳುವುದಕ್ಕೆ ಸಣ್ಣ ಬದಲಾವಣೆ. ಆದರೆ ಕರೆನ್ಸಿ ಖಾಲಿಯಿದ್ದವನನ್ನೂ ಊರು ಕರೆಯಬಹುದು ಅಂತಾಯಿತು. ಬಡಗಿ, ಆಟೋದವರು, ಅಡಿಕೆ ಕೊಯ್ಯುವ ಕೊನೆಗೌಡ, ಇವರಿಗೆಲ್ಲ ಬೇಕಾಗಿದ್ದು ಮಾತಾಡುವ ಸೌಲಭ್ಯಕ್ಕಿಂತ ಕೆಲಸಕ್ಕೆ ಕರೆಯುವವರ ಕೈಗೆ ಸಿಗುವ ಸೌಲಭ್ಯ. ಅದೇ ವರ್ಷ ಬಂದ ಟಾರ್ಚ್ ಇರುವ ನೋಕಿಯಾ 1100 ತೋಟದ ಮನೆಯವರಿಗೆ ದೇವರು ಕೊಟ್ಟಂತಿತ್ತು. ಮಿಸ್ಡ್ ಕಾಲ್ ಅಂತೂ ಒಂದು ಭಾಷೆಯೇ ಆಗಿಹೋಯಿತು. ಒಂದು ರಿಂಗ್ ಬಂದರೆ ಬಸ್ಸು ಹತ್ತಿದೆ, ಎರಡು ಬಂದರೆ ಬಸ್ಸು ತಪ್ಪಿತು, ಗಾಡಿ ತಗೊಂಡು ಬಾ.

ನನ್ನ ಹಳದಿ ಬೋರ್ಡ್ ಎರಡೇ ವರ್ಷದಲ್ಲಿ ಅಟ್ಟ ಸೇರಿತು. ಅದೇ ಕುರ್ಚಿಯಲ್ಲಿ ಕೂತು ಹತ್ತು ರೂಪಾಯಿ ಕರೆನ್ಸಿ ಮಾರತೊಡಗಿದೆ. ನೂರಕ್ಕೆ ಮೂರು ರೂಪಾಯಿಯೂ ಉಳಿಯುತ್ತಿರಲಿಲ್ಲ, ಆದರೂ ದಿನವಿಡೀ ಜನ.

ಕರೆನ್ಸಿಯನ್ನೇ ಹಾಕಿಸದ ಗಿರಾಕಿಯಿಂದ ಕಂಪನಿಗೇನು ಲಾಭ ಅಂತ ನೀವು ಕೇಳಬಹುದು. ಲಾಭ ಇತ್ತು. ಬೇರೆ ಕಂಪನಿಯ ನಂಬರಿನಿಂದ ನಿಮಗೆ ಕರೆ ಬಂದರೆ, ಆ ಕಂಪನಿ ನಿಮ್ಮ ಕಂಪನಿಗೆ ನಿಮಿಷಕ್ಕೆ ಇಷ್ಟು ಪೈಸೆ ಅಂತ ಕೊಡಬೇಕಿತ್ತು. 2009ರಿಂದ ಅದು 20 ಪೈಸೆ. ಹಾಗಾಗಿ ಸುಮ್ಮನೆ ಎತ್ತಿ ‘ಹಲೋ’ ಅನ್ನುವವನೂ ದುಡಿಯುವ ಗಿರಾಕಿಯೇ. ಮುಂದಿನ ಪತ್ರಕ್ಕೆ ಉತ್ತರವೂ ಈ ಪೈಸೆಯಲ್ಲೇ ಇದೆ.

ಪ್ರಶ್ನೆ: ನಮ್ಮತ್ತೆಯದು ಬಟನ್ ಫೋನು. ಮಗಳ ಫೋನ್ ಬಂದರೆ ಎತ್ತುತ್ತಾರೆ, ಅಷ್ಟೇ. ಮೊದಲು ಹತ್ತು ರೂಪಾಯಿ ಹಾಕಿಸಿದರೆ ತಿಂಗಳುಗಟ್ಟಲೆ ಇರುತ್ತಿತ್ತು. ಈಗ ಅವರಿಗೆ ನೆಟ್ ಇರುವ ಪ್ಯಾಕೇ ಹಾಕಿಸಬೇಕು ಅನ್ನುತ್ತಾನೆ ಅಂಗಡಿಯವ. ಇದು ಅನ್ಯಾಯ ಅಲ್ಲವೇ?
– ಗೃಹಿಣಿ, ಹೊಸನಗರ

ಉತ್ತರ: ಅನ್ಯಾಯವೇ ತಾಯಿ. ಅಂಗಡಿಯವನನ್ನು ಬಯ್ಯಬೇಡಿ, ನಾನೂ ಅದೇ ಕುರ್ಚಿಯಲ್ಲಿ ಕೂತವನು.

ಮೇಲೆ ಹೇಳಿದೆನಲ್ಲ, ಆ 20 ಪೈಸೆ 2015ರಲ್ಲಿ 14 ಆಯಿತು, 2017ರ ಅಕ್ಟೋಬರ್‌ನಲ್ಲಿ 6 ಆಯಿತು, 2021ರ ಜನವರಿ 1ಕ್ಕೆ ಸೊನ್ನೆ. ನಡುವೆ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಕರೆಯನ್ನೇ ಪುಕ್ಕಟೆ ಮಾಡಿ ನೆಟ್ ಮಾರತೊಡಗಿತು. ಉಳಿದವರೂ ಅದೇ ದಾರಿ ಹಿಡಿಯಬೇಕಾಯಿತು. ಒಂದು ಜಿಬಿಯನ್ನು ತಿಂಗಳಿಡೀ ಜೋಪಾನ ಮಾಡುತ್ತಿದ್ದ ಹುಡುಗರು ದಿನಕ್ಕೊಂದು ಜಿಬಿ ಖಾಲಿ ಮಾಡತೊಡಗಿದರು. ಅವರಿಗೆ ಹಬ್ಬ. ಆದರೆ ನಿಮ್ಮತ್ತೆ ಎತ್ತುವ ಫೋನಿನಿಂದ ಕಂಪನಿಗೆ ಬರುತ್ತಿದ್ದ ಚಿಲ್ಲರೆ ಕರಗುತ್ತ ಬಂದು ಕೊನೆಗೆ ನಿಂತೇಹೋಯಿತು. 2018ರ ಕೊನೆಗೆ ಕಂಪನಿಗಳು ತಿಂಗಳಿಗೆ ಇಷ್ಟಾದರೂ ಹಾಕಿಸಲೇಬೇಕು, ಇಲ್ಲದಿದ್ದರೆ ಕರೆ ಬಂದ್ ಅನ್ನತೊಡಗಿದ್ದು ಸುಮ್ಮನೆ ಅಲ್ಲ. ಯಾರನ್ನು ಪುಕ್ಕಟೆ ಅಂತ ಕರೆದು ಚಾಪೆ ಹಾಕಿ ಕೂರಿಸಿದ್ದರೋ, ಅವರ ಕಾಲಡಿಯಿಂದಲೇ ಚಾಪೆ ಎಳೆದರು. ಇನ್‌ಕಮಿಂಗ್ ಪುಕ್ಕಟೆ ಎಂಬುದು ಕಾಗದದ ಮೇಲೆ ಈಗಲೂ ಹಾಗೇ ಇದೆ, ನೋಡಿ!

ಈಗ ಮಾಡಬೇಕಾದ್ದು. ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಕೇಂದ್ರದ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ತಂದಿದೆ: ನೆಟ್ ಇಲ್ಲದ, ಬರೀ ಕರೆ ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕ್ ಒಂದಾದರೂ ಪ್ರತಿ ಕಂಪನಿ ಕೊಡಲೇಬೇಕು. ಪ್ಯಾಕಿನ ಅವಧಿ 365 ದಿನದವರೆಗೂ ಇರಬಹುದು. ಅಂಗಡಿಯ ಗೋಡೆಯ ಪಟ್ಟಿಯಲ್ಲಿ ಅದು ಕಾಣದಿದ್ದರೆ ‘ಬರೀ ವಾಯ್ಸ್ ಪ್ಯಾಕ್’ ಅಂತ ಬಾಯಿಬಿಟ್ಟು ಕೇಳಿ. ನೀವು ಅಂದುಕೊಂಡಷ್ಟು ಅಗ್ಗ ಇರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹತ್ತು ರೂಪಾಯಿಯ ಕಾಲ ಮತ್ತೆ ಬರಲಾರದು.

ಇನ್ನೊಂದು. ಮೂರು ತಿಂಗಳು ಬಳಸದಿದ್ದರೂ ಪ್ರೀಪೇಯ್ಡ್ ಖಾತೆಯಲ್ಲಿ 20 ರೂಪಾಯಿ ಇದ್ದರೆ ನಂಬರ್ ಬೇರೆಯವರ ಪಾಲಾಗುವುದಿಲ್ಲ, ಆ ದುಡ್ಡು ಮುರಿದುಕೊಂಡು ಇನ್ನೊಂದು ತಿಂಗಳು ಇಟ್ಟುಕೊಳ್ಳುತ್ತಾರೆ. ಆದರೆ ಉಳಿಯುವುದು ನಂಬರ್ ಮಾತ್ರ. ಮಗಳ ಕರೆ ಬರಬೇಕೆಂದರೆ ಪ್ಯಾಕ್ ಬೇಕೇ ಬೇಕು.

ಪ್ರಶ್ನೆ: ದೇಶದಲ್ಲಿ 115 ಕೋಟಿಗೂ ಹೆಚ್ಚು ಮೊಬೈಲ್ ಸಂಪರ್ಕಗಳಿವೆಯಂತೆ. ಹಾಗಾದರೆ ಬಹುತೇಕ ಎಲ್ಲರ ಕೈಗೂ ಫೋನ್ ಬಂದಂತಾಯಿತಲ್ಲ?
– ನಿವೃತ್ತ ಗುಮಾಸ್ತರು, ರಾಯಚೂರು

ಉತ್ತರ: ಅವರು ಎಣಿಸಿದ್ದು ಸಿಮ್ಮು, ತಲೆ ಅಲ್ಲ. ಪಟ್ಟಣದಲ್ಲಿ ನೂರು ಜನಕ್ಕೆ ನೂರಕ್ಕೂ ಹೆಚ್ಚು ಸಂಪರ್ಕ, ಹಳ್ಳಿಯಲ್ಲಿ 60ರ ಆಚೀಚೆ. ಒಬ್ಬರ ಹೆಸರಲ್ಲಿ 9 ಸಿಮ್‌ವರೆಗೂ ಇರಬಹುದು. ನಿಮ್ಮ ಹೆಸರಲ್ಲಿ ಎಷ್ಟಿವೆ ಅಂತ ಕೇಂದ್ರ ಸರಕಾರದ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ನೋಡಿ, ನಿಮ್ಮದಲ್ಲದ್ದು ಕಂಡರೆ ಅಲ್ಲೇ ದೂರು ಕೊಡಿ. ನಾನೂ ನೋಡಿದೆ. ಸಿಕ್ಕಿದ್ದು ನಾಲ್ಕು. ಮೂರು ಗೊತ್ತಿದ್ದವು. ನಾಲ್ಕನೆಯದು ತಂಗಿಯ ಮಗ ಕಾಲೇಜಿಗೆ ಸೇರಿದಾಗ ನನ್ನ ದಾಖಲೆ ಕೊಟ್ಟು ತೆಗೆಸಿದ್ದು. ಅವನಿಗೀಗ ಇಬ್ಬರು ಮಕ್ಕಳು.